ಕ್ಯಾಂಪಸ್ ಒಳಗೆ ದಾರಿ ತೋರಿಸಬೇಕು: ಬೀಕನ್ ಮೊದಲೋ, ನಕ್ಷೆ ಮೊದಲೋ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಕಂಪ್ಯೂಟರ್ ವಿಜ್ಞಾನದ ಅಧ್ಯಾಪಕಿ. ನಮ್ಮ ಕ್ಯಾಂಪಸ್ ಗುಡ್ಡದ ಇಳಿಜಾರಿನಲ್ಲಿದೆ. ಒಟ್ಟು 11 ಕಟ್ಟಡ. ಎರಡು ಹಳೆಯವು, ಜಂಬಿಟ್ಟಿಗೆ ಗೋಡೆ, ಹೆಂಚಿನ ಮಾಡು. ಉಳಿದವು ಆರ್‌ಸಿಸಿ. ಪ್ರವೇಶದ ದಿನಗಳಲ್ಲಿ ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಬರುವ ಮಕ್ಕಳು, ಅವರ ಅಪ್ಪ-ಅಮ್ಮ ಮಳೆಯಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಅಲೆಯುತ್ತಾರೆ. ಪರೀಕ್ಷೆ ದಿನ ಹಾಲ್ ಸಿಗದೆ ತಡವಾಗಿ ಬಂದು ಅಳುವವರೂ ಇದ್ದಾರೆ. ಕಟ್ಟಡಗಳ ಒಳಗೂ ದಾರಿ ತೋರಿಸುವ ವ್ಯವಸ್ಥೆ ಮಾಡಿ ಎಂದು ನನಗೆ ಜವಾಬ್ದಾರಿ ಕೊಟ್ಟಿದ್ದಾರೆ. ಒಂದು ಕಂಪನಿ, 300 ಬೀಕನ್ (ಬ್ಲೂಟೂತ್ ಸಿಗ್ನಲ್ ಬಿಡುವ ಪುಟ್ಟ ಡಬ್ಬಿ) ಹಾಕಿದರೆ ಒಂದು ಮೀಟರ್ ಒಳಗೆ ನಿಖರವಾಗಿ ತೋರಿಸುತ್ತೇವೆ ಎನ್ನುತ್ತಿದೆ. ಸಹೋದ್ಯೋಗಿಯೊಬ್ಬರು, ವೈಫೈ ಇದೆಯಲ್ಲ, ಅದೇ ಸಾಕು ಎನ್ನುತ್ತಾರೆ. ಇನ್ನೊಬ್ಬರು, ಫೋನಿನಲ್ಲಿ ಈಗ ನಾವಿಕ್ (ಜಿಪಿಎಸ್‌ನಂಥ ನಮ್ಮ ದೇಶದ ಉಪಗ್ರಹ ವ್ಯವಸ್ಥೆ) ಬಂದಿದೆ, ಏನೂ ಬೇಡ ಎನ್ನುತ್ತಾರೆ. ವಿದ್ಯಾರ್ಥಿಗಳು ಕ್ಯೂಆರ್ ಕೋಡ್ ಅಂಟಿಸೋಣ ಎನ್ನುತ್ತಿದ್ದಾರೆ. ನಮ್ಮಲ್ಲಿ ಗಾಲಿಕುರ್ಚಿ ಬಳಸುವ ವಿದ್ಯಾರ್ಥಿನಿಯೂ ಇದ್ದಾಳೆ. ಇದನ್ನೇ ಹಾಜರಿಗೂ ಬಳಸಬಹುದಾ ಎಂದು ಆಡಳಿತದವರು ಕೇಳುತ್ತಿದ್ದಾರೆ. ಈಗ ದೀಪಾವಳಿ ಮುಗಿದಿದೆ. ಮುಂದಿನ ಪ್ರವೇಶದ ಹೊತ್ತಿಗೆ ಏನಾದರೂ ಮಾಡಿ ಮುಗಿಸಲು ಆಗುತ್ತದಾ? ಯಾವುದನ್ನು ಆರಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲರೂ ಹೇಳಿರುವುದು ಒಂದೇ ಪ್ರಶ್ನೆಗೆ ಉತ್ತರ: 'ನಾನೀಗ ಎಲ್ಲಿದ್ದೇನೆ?' ಬೀಕನ್, ವೈಫೈ, ನಾವಿಕ್ ಎಲ್ಲ ಅದಕ್ಕೇ. ಆದರೆ ಹೊಸನಗರದಿಂದ ಬಂದ ತಂದೆಗೆ ತಾನು ಎಲ್ಲಿದ್ದೇನೆ ಎಂಬುದು ಅಷ್ಟು ದೊಡ್ಡ ಸಮಸ್ಯೆ ಅಲ್ಲ. ಅವರು ಒಂದು ಕಟ್ಟಡದ ಬಾಗಿಲಲ್ಲಿ ನಿಂತಿದ್ದಾರೆ, ಅದು ಅವರಿಗೆ ಗೊತ್ತು. ಗೊತ್ತಿಲ್ಲದಿರುವುದು ಇನ್ನೆರಡು. ತನಗೆ ಬೇಕಾದ ಕೋಣೆ ಎಲ್ಲಿದೆ? ಅಲ್ಲಿಗೆ ಯಾವ ದಾರಿಯಲ್ಲಿ ಹೋಗಬೇಕು? ಈ ಎರಡಕ್ಕೂ ಬೇಕಾದದ್ದು ಒಳ್ಳೆಯ ನಕ್ಷೆ. ಅದನ್ನು ಯಾವ ಕಂಪನಿಯೂ ಪೆಟ್ಟಿಗೆಯಲ್ಲಿ ತಂದುಕೊಡುವುದಿಲ್ಲ, ಕ್ಯಾಂಪಸ್ಸಿನವರೇ ಮೈಮುರಿದು ಮಾಡಬೇಕು. ಹಣ, ಸಮಯ ಎರಡೂ ಕಡಿಮೆ ಇದ್ದಾಗ ಅಲ್ಲಿಂದಲೇ ಶುರು ಮಾಡಿ ಎಂಬುದು ನನ್ನ ಸಲಹೆ. ಯಾಕೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಉಪಗ್ರಹದ ಮಾತು ಮುಗಿಸಿಬಿಡೋಣ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ನಮ್ಮ ನಾವಿಕ್ ಉಪಗ್ರಹಗಳು ಇನ್ನೂ ಮೇಲೆ, ಸುಮಾರು 36,000 ಕಿ.ಮೀ. ಅಷ್ಟು ದೂರದಿಂದ ಬರುವ ಸಿಗ್ನಲ್ ನೆಲ ಮುಟ್ಟುವ ಹೊತ್ತಿಗೆ ತೀರಾ ಕ್ಷೀಣವಾಗಿರುತ್ತದೆ. ಹೆಂಚಿನ ಮಾಡಿನ ಕೆಳಗೆ ಅಲ್ಪಸ್ವಲ್ಪ ಸಿಗಬಹುದು. ಎರಡು ಆರ್‌ಸಿಸಿ ಸ್ಲ್ಯಾಬ್ ದಾಟಿ ನೆಲಮಹಡಿಗೆ ಬರುವುದಿಲ್ಲ. ಕಿಟಕಿಯಿಂದ ನುಸುಳಿ ಬಂದದ್ದು ಗೋಡೆಗೆ ಬಡಿದು ತಿರುಗಿ ಬಂದಿರುತ್ತದೆ. ಹಾಗಾಗಿ ಫೋನ್ ನಿಮ್ಮನ್ನು ಪಕ್ಕದ ಕಟ್ಟಡದಲ್ಲಿ ತೋರಿಸುತ್ತದೆ. ನಾವಿಕ್ ಸೇರಿದರೆ ಬಯಲಿನಲ್ಲಿ ಅನುಕೂಲ ಇದೆ, ಆದರೆ ಅದು ಸ್ಲ್ಯಾಬ್ ಅನ್ನು ತೂತು ಮಾಡಿಕೊಂಡು ಬರುವುದಿಲ್ಲ. ತೆರೆದ ಆಕಾಶದ ಕೆಳಗೇ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ಇರುತ್ತದೆ. ಎತ್ತರದ ಲೆಕ್ಕದಲ್ಲಂತೂ ತಪ್ಪು ಇನ್ನೂ ಜಾಸ್ತಿ. ಯಾವ ಮಹಡಿ ಎಂದು ಅದರಿಂದ ತಿಳಿಯುವುದಿಲ್ಲ. ಗೇಟಿನಿಂದ ಕಟ್ಟಡದ ಬಾಗಿಲವರೆಗೆ ಜಿಪಿಎಸ್ ಬಳಸಿ. ಬಾಗಿಲು ದಾಟಿದ ಮೇಲೆ ಅದನ್ನು ನಂಬಬೇಡಿ.

ವೈಫೈ ವಿಷಯದಲ್ಲಿ ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಒಂದೊಂದು ಜಾಗದಲ್ಲಿ ಯಾವ ಯಾವ ರೂಟರ್ ಎಷ್ಟು ಬಲವಾಗಿ ಕೇಳಿಸುತ್ತದೆ ಎಂದು ಮೊದಲೇ ಅಳೆದು ಬರೆದಿಟ್ಟುಕೊಳ್ಳುವುದು, ಆಮೇಲೆ ಬಳಕೆದಾರರ ಫೋನಿಗೆ ಕೇಳಿಸಿದ್ದನ್ನು ಅದಕ್ಕೆ ಹೋಲಿಸುವುದು. ಈ ವಿಧಾನ 2000ನೇ ಇಸವಿಯ ಆಸುಪಾಸಿನಿಂದಲೂ ಇದೆ. ಎಲ್ಲವೂ ಸರಿಯಿದ್ದರೆ 5ರಿಂದ 10 ಮೀಟರ್ ಒಳಗೆ ತೋರಿಸುತ್ತದೆ. ತೊಡಕು ಇರುವುದು ಬೇರೆ ಕಡೆ. ಆಂಡ್ರಾಯ್ಡ್ 9ರಿಂದ ಈಚೆಗೆ ಒಂದು ಆಪ್ ಎರಡು ನಿಮಿಷಕ್ಕೆ ನಾಲ್ಕೇ ಸಲ ವೈಫೈ ಹುಡುಕಬಹುದು. ಅಂದರೆ ಅರ್ಧ ನಿಮಿಷಕ್ಕೊಮ್ಮೆ. ಅಷ್ಟರಲ್ಲಿ ಮಾಮೂಲಿಯಾಗಿ ನಡೆಯುವವರು 40 ಮೀಟರ್ ಹೋಗಿರುತ್ತಾರೆ, ತಿರುವು ದಾಟಿಯೇ ಹೋಗಿರುತ್ತದೆ. ಐಫೋನ್ ಅಂತೂ ಸುತ್ತಲಿನ ವೈಫೈ ಬಲವನ್ನು ಆಪ್‌ಗಳಿಗೆ ಕೊಡುವುದೇ ಇಲ್ಲ. ಇದರ ಜೊತೆಗೆ ನಮ್ಮ ಕಡೆಯ ಕಷ್ಟಗಳು. ಮಳೆಗಾಲದಲ್ಲಿ ಕರೆಂಟ್ ಹೋದರೆ ಯುಪಿಎಸ್ ಇಲ್ಲದ ರೂಟರ್ ಸುಮ್ಮನಾಗುತ್ತದೆ, ನೀವು ಅಳೆದಿಟ್ಟ ಲೆಕ್ಕ ಅಲ್ಲಿಗೆ ಕೆಡುತ್ತದೆ. ಸಿಡಿಲಿಗೆ ಸುಟ್ಟುಹೋದ ರೂಟರ್ ಬದಲಿಸಿ ಬೇರೆ ಗೋಡೆಗೆ ಹಾಕಿದರೆ ಆ ಭಾಗವನ್ನೆಲ್ಲ ಮತ್ತೆ ಅಳೆಯಬೇಕು.

ಸಿಗ್ನಲ್ ಹೋಗಿಬರುವ ಸಮಯವನ್ನೇ ಅಳೆಯುವ ಹೊಸ ವೈಫೈ ವಿಧಾನವೂ ಇದೆ. 2018ರ ಆಂಡ್ರಾಯ್ಡ್ 9ರಲ್ಲಿ ಬಂತು. 1ರಿಂದ 2 ಮೀಟರ್ ಒಳಗೆ ತೋರಿಸಬಲ್ಲದು. ಆದರೆ ರೂಟರೂ ಫೋನೂ ಎರಡೂ ಅದಕ್ಕೆ ತಯಾರಿರಬೇಕು. ಹತ್ತು-ಹನ್ನೆರಡು ಸಾವಿರದ ಫೋನ್ ಹಿಡಿದು ಬರುವ ಮಕ್ಕಳ ನಡುವೆ ಅದನ್ನು ನೆಚ್ಚಿಕೊಳ್ಳಲು ಆಗದು. ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ಇನ್ನೊಂದು ರೇಡಿಯೊ ವಿಧಾನ 10ರಿಂದ 30 ಸೆಂ.ಮೀ. ನಿಖರತೆ ಕೊಡುತ್ತದೆ. ದುಬಾರಿ ಫೋನುಗಳಲ್ಲಿ ಮಾತ್ರ ಇರುವುದರಿಂದ ನಿಮಗೆ ಸದ್ಯಕ್ಕೆ ಬೇಡ.

ಈಗ ಬೀಕನ್. ಇದು ಕೆಟ್ಟ ತಂತ್ರಜ್ಞಾನವಲ್ಲ. ಆಪಲ್ 2013ರಲ್ಲಿ ಐಬೀಕನ್ ತಂದಾಗಿನಿಂದ ಮಾಲ್, ವಿಮಾನ ನಿಲ್ದಾಣಗಳಲ್ಲಿ ಬಳಕೆಯಲ್ಲಿದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಡಬ್ಬಿ, ಒಳಗೊಂದು ಬಟನ್ ಸೆಲ್. ನಾನು ಇಂಥ ನಂಬರಿನವನು ಎಂದು ಬ್ಲೂಟೂತ್‌ನಲ್ಲಿ ಕೂಗುತ್ತಾ ಇರುತ್ತದೆ, ಅಷ್ಟೇ. ಆ ಕೂಗಿನ ಬಲ ನೋಡಿ ಫೋನ್ ದೂರ ಊಹಿಸುತ್ತದೆ. ಕಂಪನಿ ಹೇಳಿದ 300 ಎಂಬ ಲೆಕ್ಕ ಉತ್ಪ್ರೇಕ್ಷೆಯೇನಲ್ಲ. 60 ಮೀಟರ್ ಕಾರಿಡಾರಿಗೆ 8 ಮೀಟರಿಗೊಂದರಂತೆ 8 ಬೇಕು. ಮೂರು ಮಹಡಿಗೆ 24. ಇಂಥ 11 ಕಟ್ಟಡ, ಜೊತೆಗೆ ಮೆಟ್ಟಿಲುಗಳು ಎಂದರೆ 300 ಹತ್ತಿರ ಬಂತು.

ನಾನು ಒಪ್ಪದಿರುವುದು 'ಒಂದು ಮೀಟರ್' ಎಂಬ ಮಾತನ್ನು. ಖಾಲಿ ಕಾರಿಡಾರಿನಲ್ಲಿ, ಒಳ್ಳೆಯ ಫೋನ್ ಕೈಯಲ್ಲಿ ಹಿಡಿದು ತೋರಿಸಿದರೆ ಅಷ್ಟು ಬರಬಹುದು. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಅದನ್ನು ನೀರು ಹೀರುತ್ತದೆ. ಮನುಷ್ಯನ ಮೈಯಲ್ಲಿ ಜಾಸ್ತಿ ಇರುವುದು ನೀರೇ. ಕ್ಲಾಸ್ ಬಿಟ್ಟ ಹೊತ್ತಿನಲ್ಲಿ ಕಾರಿಡಾರ್ ತುಂಬಾ ಮಕ್ಕಳು ನಿಂತರೆ ಸಿಗ್ನಲ್ ದಿಢೀರನೆ ಕುಗ್ಗುತ್ತದೆ. ಬೀಕನ್ ದೂರ ಇದೆ ಎಂದು ಫೋನ್ ತಪ್ಪು ತಿಳಿಯುತ್ತದೆ. ನೀವೇ ಬೀಕನ್ ಕಡೆ ಬೆನ್ನು ಮಾಡಿ, ಫೋನನ್ನು ಎದೆಯ ಮುಂದೆ ಹಿಡಿದು ನಿಂತರೂ ಹಾಗೆಯೇ ಆಗುತ್ತದೆ, ಪರೀಕ್ಷಿಸಿ ನೋಡಿ. ನಿಮ್ಮ ಹಳೆಯ ಕಟ್ಟಡಗಳ ದಪ್ಪ ಜಂಬಿಟ್ಟಿಗೆ ಗೋಡೆ ಮಳೆಗಾಲದಲ್ಲಿ ನೀರು ಕುಡಿದಿರುತ್ತದೆ. ಮಾರ್ಚ್ ತಿಂಗಳಿನ ಅಳತೆ ಅಲ್ಲಿ ಜುಲೈಗೆ ಹೊಂದುವುದಿಲ್ಲ. ಜನ ಓಡಾಡುವ ಹೊತ್ತಿನಲ್ಲಿ 3ರಿಂದ 5 ಮೀಟರ್ ಎಂದು ಲೆಕ್ಕ ಹಾಕಿಕೊಳ್ಳಿ. ಕಾರಿಡಾರಿನಲ್ಲಿ ನಡೆಯಲು ಅಷ್ಟು ಸಾಕು. ಮೆಟ್ಟಿಲ ಬಳಿ ಮಾತ್ರ ಸಾಲದು. ಮೆಟ್ಟಿಲ ಬಾವಿ ತೆರೆದಿರುವುದರಿಂದ ಕೆಳಗಿನ ಮಹಡಿಯ ಬೀಕನ್ನೇ ಮೇಲೆ ಜೋರಾಗಿ ಕೇಳಿಸಿ ಮಹಡಿ ಅದಲುಬದಲಾಗುತ್ತದೆ. ಎಡಕ್ಕೆ ಐದು ಮೀಟರ್ ತಪ್ಪಿದರೆ ಮನುಷ್ಯ ತಾನೇ ಸರಿಮಾಡಿಕೊಳ್ಳುತ್ತಾನೆ. ಮಹಡಿ ತಪ್ಪಿದರೆ ಇಡೀ ದಾರಿಯೇ ತಪ್ಪು.

ಇನ್ನು ಬ್ಯಾಟರಿ. ಒಂದು ಸೆಲ್ ಎರಡು-ಮೂರು ವರ್ಷ ಬರುತ್ತದೆ. ಎರಡೂವರೆ ವರ್ಷ ಎಂದಿಟ್ಟುಕೊಂಡರೂ 300 ಬೀಕನ್ ಎಂದರೆ ಸರಾಸರಿ ತಿಂಗಳಿಗೆ 10 ಸೆಲ್ ಬದಲಿಸಬೇಕು. ಯಾರು ಏಣಿ ಹತ್ತುತ್ತಾರೆ? ಯಾವುದು ಸತ್ತಿದೆ ಎಂದು ಯಾರು ಹೇಳುತ್ತಾರೆ? ಮೊದಲ ವರ್ಷ ಎಲ್ಲ ಚೆನ್ನಾಗಿ ನಡೆಯುತ್ತದೆ. ಮೂರನೇ ವರ್ಷ ಅಲ್ಲೊಂದು ಇಲ್ಲೊಂದು ಸಾಯುತ್ತವೆ, ಆಪ್ ತಪ್ಪು ಜಾಗ ತೋರಿಸುತ್ತದೆ, ಜನ ಅದನ್ನು ಬಿಟ್ಟುಬಿಡುತ್ತಾರೆ. ಇನ್ನೊಂದು ವಿಷಯ ಕಂಪನಿಯವರು ಮೆಲ್ಲಗೆ ಹೇಳುತ್ತಾರೆ: ಬೀಕನ್ ಕೇಳಿಸಿಕೊಳ್ಳಲು ಫೋನಿನಲ್ಲಿ ಆಪ್ ಹಾಕಿಕೊಳ್ಳಲೇಬೇಕು. ಒಂದು ದಿನದ ಮಟ್ಟಿಗೆ ಮಗಳನ್ನು ಸೇರಿಸಲು ಬಂದ ತಾಯಿ, ಛತ್ರಿ ಒಂದು ಕೈಯಲ್ಲಿ, ಮಾರ್ಕ್ಸ್ ಕಾರ್ಡಿನ ಫೈಲ್ ಇನ್ನೊಂದು ಕೈಯಲ್ಲಿ ಹಿಡಿದು ಆಪ್ ಡೌನ್‌ಲೋಡ್ ಮಾಡುತ್ತಾ ನಿಲ್ಲುವುದಿಲ್ಲ, ಅಲ್ವಾ?

ಫೋನಿನ ಒಳಗೇ ಇರುವ ಸೆನ್ಸರುಗಳ ಬಗ್ಗೆಯೂ ಒಂದು ಮಾತು. ನಿಮ್ಮ ವಿದ್ಯಾರ್ಥಿಗಳು ಅದನ್ನು ಖಂಡಿತ ಎತ್ತುತ್ತಾರೆ. ಹೆಜ್ಜೆ ಎಣಿಸಿ, ತಿರುವು ಅಳೆದು ಜಾಗ ಊಹಿಸಬಹುದು. ಆದರೆ ಅದು ಕಣ್ಣು ಮುಚ್ಚಿ ಹೆಜ್ಜೆ ಎಣಿಸಿಕೊಂಡು ಅಂಗಳ ದಾಟಿದ ಹಾಗೆ. ಹೋಗುತ್ತಾ ಹೋಗುತ್ತಾ ತಪ್ಪು ಕೂಡಿಕೊಳ್ಳುತ್ತದೆ, ನಡುವೆ ಎಲ್ಲಾದರೂ ಕಣ್ಣು ಬಿಡಲೇಬೇಕು. ದಿಕ್ಸೂಚಿಯನ್ನು ಕಬ್ಬಿಣದ ಬೀರು, ಸ್ಲ್ಯಾಬಿನ ಕಂಬಿ ಕೆಡಿಸುತ್ತವೆ. ವಾಯುಭಾರ ಅಳೆಯುವ ಸೆನ್ಸರ್ ಇದ್ದರೆ ಮಹಡಿ ತಿಳಿಯಬಹುದು ಎನ್ನುತ್ತಾರೆ. ಶಿವಮೊಗ್ಗದ ಎತ್ತರದಲ್ಲಿ ಒಂದು ಮೀಟರ್ ಮೇಲೆ ಹೋದರೆ ಒತ್ತಡ ಸುಮಾರು 11 ಪಾಸ್ಕಲ್ ಕಡಿಮೆಯಾಗುತ್ತದೆ. ಒಂದು ಮಹಡಿಗೆ 35-40 ಪಾಸ್ಕಲ್. ಬೆಳಗ್ಗೆಯಿಂದ ಸಂಜೆಗೆ ಹವೆಯೇ ಇದರ ಹಲವು ಪಟ್ಟು ಏರಿಳಿಯುತ್ತದೆ. ಹಾಗಾಗಿ 'ಇದು ಎರಡನೇ ಮಹಡಿ' ಎಂದು ಅದರಿಂದ ಹೇಳಲು ಬರುವುದಿಲ್ಲ. 'ಈ ಒಂದು ನಿಮಿಷದಲ್ಲಿ ಒಂದು ಮಹಡಿ ಹತ್ತಿದರು' ಎಂದು ಹೇಳಲು ಬರುತ್ತದೆ. ಕಡಿಮೆ ಬೆಲೆಯ ಎಷ್ಟೋ ಫೋನುಗಳಲ್ಲಿ ಈ ಸೆನ್ಸರ್ ಇರುವುದಿಲ್ಲ ಎಂಬುದೂ ನೆನಪಿರಲಿ.

ಮಹಡಿ ಎಂದಾಗ ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡದ್ದು 'ಗುಡ್ಡದ ಇಳಿಜಾರು' ಎಂಬ ಮಾತು. ಮಲೆನಾಡಿನ ಕ್ಯಾಂಪಸ್ಸುಗಳಲ್ಲಿ ನಿಜವಾದ ಗೊಂದಲ ಹುಟ್ಟುವುದು ಇಲ್ಲಿಯೇ. ಬಯಲುಸೀಮೆಯ ಕಟ್ಟಡಕ್ಕೆ ನೆಲಮಹಡಿ ಒಂದೇ. ಇಳಿಜಾರಿನಲ್ಲಿ ಹಾಗಲ್ಲ. ರಸ್ತೆ ಕಡೆಯ ಬಾಗಿಲಿನಿಂದ ಒಳಗೆ ಬಂದವರು ತಾವು ನೆಲಮಹಡಿಯಲ್ಲಿದ್ದೇವೆ ಅಂದುಕೊಳ್ಳುತ್ತಾರೆ. ಕೆಳಗಿನ ಕ್ಯಾಂಟೀನ್ ಕಡೆಯಿಂದ ಬಂದವರಿಗೂ ಅವರು ಹೊಕ್ಕ ಮಹಡಿಯೇ ನೆಲಮಹಡಿ. ಕೋಣೆಯ ಬಾಗಿಲ ಮೇಲೆ 204 ಎಂದು ಬರೆದಿದೆ. ಮೇಲಿನ ಬಾಗಿಲಿನಿಂದ ಬಂದವರು ಅದನ್ನು ಹುಡುಕುತ್ತಾ ಎರಡು ಮಹಡಿ ಹತ್ತುತ್ತಾರೆ. ಅದು ಇರುವುದು ಅವರು ಮೊದಲು ನಿಂತಿದ್ದ ಮಹಡಿಯಲ್ಲೇ! ಇನ್ನು ಒಂದು ಕಟ್ಟಡದ ಮೊದಲ ಮಹಡಿಯಿಂದ ಓವರ್‌ಬ್ರಿಜ್ ದಾಟಿದರೆ ಮೇಲಿನ ಕಟ್ಟಡದ ನೆಲಮಹಡಿಗೆ ಹೋಗಿ ಸೇರುವ ಜಾಗಗಳೂ ಇರುತ್ತವೆ. ಇಂಥ ಕಡೆ ಹೊರಗಿನ ಕಂಪನಿಯ ಸಾಫ್ಟ್‌ವೇರ್ ಒಂದೊಂದು ಕಟ್ಟಡವನ್ನೂ 0, 1, 2 ಎಂದು ಎಣಿಸಿ, ಸೊನ್ನೆಯನ್ನೆಲ್ಲ ಒಂದೇ ಮಟ್ಟ ಎಂದುಕೊಂಡು ದಾರಿ ಹಾಕಿಬಿಡುತ್ತದೆ.

ಇದಕ್ಕೆ ಪರಿಹಾರ ಕಷ್ಟವಲ್ಲ, ಮೊದಲೇ ಯೋಚಿಸಿರಬೇಕು ಅಷ್ಟೇ. ಇಡೀ ಕ್ಯಾಂಪಸ್ಸಿಗೆ ಒಂದೇ ಗುರುತು ಇಟ್ಟುಕೊಳ್ಳಿ, ಮುಖ್ಯ ಗೇಟಿನ ನೆಲ ಅಂತಿಟ್ಟುಕೊಳ್ಳಿ. ಪ್ರತಿ ಮಹಡಿಯೂ ಅದಕ್ಕಿಂತ ಎಷ್ಟು ಮೀಟರ್ ಮೇಲೆ ಅಥವಾ ಕೆಳಗೆ ಇದೆ ಎಂದು ನಕ್ಷೆಯಲ್ಲಿ ದಾಖಲಿಸಿ. ಕಂಪ್ಯೂಟರ್ ಲೆಕ್ಕ ಹಾಕುವುದು ಈ ಎತ್ತರದ ಮೇಲೆ. ಜನರಿಗೆ ಹೇಳುವಾಗ ಮಾತ್ರ ಮಹಡಿಯ ನಂಬರನ್ನು ಆದಷ್ಟು ಕಡಿಮೆ ಬಳಸಿ. 'ನೀವು ಬಂದ ಬಾಗಿಲಿನಿಂದ ಒಂದು ಮಹಡಿ ಕೆಳಗೆ ಇಳಿಯಿರಿ' ಎಂದರೆ ಯಾರಿಗೂ ತಪ್ಪುವುದಿಲ್ಲ. ಪ್ರತಿ ಬಾಗಿಲಿಗೂ ಒಂದು ಹೆಸರು ಇರಲಿ: ರಸ್ತೆ ಬಾಗಿಲು, ಕ್ಯಾಂಟೀನ್ ಬಾಗಿಲು, ಹಾಸ್ಟೆಲ್ ಬಾಗಿಲು. ಆ ಹೆಸರನ್ನು ಬಾಗಿಲ ಮೇಲೂ ದೊಡ್ಡದಾಗಿ ಬರೆಸಿ.

ನಕ್ಷೆ ಮಾಡುವ ವಿಧಾನ ನಿಮಗೆ ಗೊತ್ತೇ ಇರುತ್ತದೆ. ಬಾಗಿಲು, ತಿರುವು, ಮೆಟ್ಟಿಲ ತುದಿ ಎಲ್ಲ ಒಂದೊಂದು ಬಿಂದು. ಅವುಗಳ ನಡುವೆ ನಡೆಯಬಹುದಾದ ದಾರಿ ಒಂದೊಂದು ಗೆರೆ. ಗೆರೆಗೊಂದು ತೂಕ, ಅಂದರೆ ಆ ದಾರಿ ಎಷ್ಟು ದೂರ, ಎಷ್ಟು ಕಷ್ಟ ಎಂಬುದರ ಅಂಕಿ. ಅತಿ ಕಡಿಮೆ ತೂಕದ ದಾರಿ ಹುಡುಕಲು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1959ರಲ್ಲಿ ಕೊಟ್ಟ ವಿಧಾನವೇ ಇಲ್ಲಿಗೆ ಧಾರಾಳವಾಗಿ ಸಾಕು. 11 ಕಟ್ಟಡ ಎಂದರೆ ಒಂದೆರಡು ಸಾವಿರ ಬಿಂದು. ಫೋನ್ ಕಣ್ಣು ಮಿಟುಕಿಸುವುದರೊಳಗೆ ಲೆಕ್ಕ ಹಾಕುತ್ತದೆ, ಈ ಲೆಕ್ಕಕ್ಕೆ ಸರ್ವರ್ ಬೇಕಾಗಿಲ್ಲ. ಜಾಣತನ ಬೇಕಿರುವುದು ತೂಕ ಕೊಡುವುದರಲ್ಲಿ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತಿರದ ದಾರಿ ಒಳ್ಳೆಯ ದಾರಿ ಆಗಿರುವುದಿಲ್ಲ. ಎರಡು ಕಟ್ಟಡಗಳ ನಡುವಿನ ಕಲ್ಲುಹಾಸು ಪಾಚಿ ಕಟ್ಟಿ ಜಾರುತ್ತದೆ. ಸುತ್ತು ಬಳಸಿದರೂ ಮಾಡಿನ ಕೆಳಗೇ ಹೋಗುವ ದಾರಿ ಬೇಕು. ಪ್ರತಿ ಗೆರೆಗೂ ಮೇಲೆ ಮಾಡು ಇದೆಯೋ ಇಲ್ಲವೋ ಎಂದು ಗುರುತು ಹಾಕಿ. 'ಮಳೆ ದಾರಿ' ಎಂದು ಒಂದು ಗುಂಡಿ ಇಡಿ. ಅದನ್ನು ಒತ್ತಿದರೆ ಮಾಡಿಲ್ಲದ ಗೆರೆಗಳ ತೂಕ ಐದಾರು ಪಟ್ಟು ಏರಲಿ. ಆಗುಂಬೆಯ ಇತ್ತ ಅತ್ತ ಎಲ್ಲೇ ಇರಲಿ, ಮಲೆನಾಡಿನ ಕ್ಯಾಂಪಸ್ಸಿನಲ್ಲಿ ಅತಿ ಹೆಚ್ಚು ಬಳಕೆಯಾಗುವುದು ಇದೇ ಆಗಿರುತ್ತದೆ ಎಂಬುದು ನನ್ನ ನಂಬಿಕೆ.

ಗಾಲಿಕುರ್ಚಿಯ ಹುಡುಗಿಯ ವಿಷಯವನ್ನು ಕೊನೆಗೆ ನೋಡೋಣ ಎಂದು ಬಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದನ್ನು ಸಂಸ್ಥೆಯ ಹೊಣೆ ಎನ್ನುತ್ತದೆ. ಕಾಯ್ದೆ ಇಲ್ಲದಿದ್ದರೂ ಅದು ನಮ್ಮ ಹೊಣೆಯೇ. ಲೆಕ್ಕದಲ್ಲಿ ಇದು ಸುಲಭ: ಮೆಟ್ಟಿಲಿನ ಗೆರೆಗಳನ್ನು ಅಳಿಸಿ ದಾರಿ ಕೇಳಿದರೆ ಆಯಿತು. ಕಷ್ಟ ಇರುವುದು ಅಳತೆಯಲ್ಲಿ. ರ‍್ಯಾಂಪ್ ಇದೆ ಎಂದು ಬರೆದರೆ ಸಾಲದು. ಒಂದು ಅಡಿ ಏರಲು 12 ಅಡಿ ಉದ್ದ ಇರಬೇಕು ಎಂಬುದು ನಿಯಮ. ಎಷ್ಟೋ ಕಡೆ ಜಾಗ ಸಾಲದೆ ಅದನ್ನು ಕಡಿದಾಗಿ ಕಟ್ಟಿರುತ್ತಾರೆ. ಮಳೆಯಲ್ಲಿ ನುಣುಪಾದ ಟೈಲ್ಸ್ ಇದ್ದರೆ ಇನ್ನೂ ಅಪಾಯ. ಬಾಗಿಲ ಅಗಲ, ಬಾಗಿಲ ಬುಡದ ಹೊಸ್ತಿಲು, ಲಿಫ್ಟಿಗೆ ಬೀಗ ಹಾಕುವ ಸಮಯ ಇವನ್ನೂ ಬರೆದುಕೊಳ್ಳಿ. ಆಕೆ ಒಪ್ಪಿದರೆ ಆಕೆಯ ಜೊತೆಯಲ್ಲೇ ಒಂದು ಸುತ್ತು ಹೋಗಿ. ಹೋದಾಗ ಎರಡು ಕಟ್ಟಡಗಳಿಗೆ ಮೆಟ್ಟಿಲಿಲ್ಲದ ದಾರಿಯೇ ಇಲ್ಲ ಎಂದು ಗೊತ್ತಾಗಬಹುದು. ಆಗ ಆಪ್ ಏನೂ ಮಾಡಲಾರದು. ಆ ತರಗತಿಗಳನ್ನು ಬೇರೆ ಕಟ್ಟಡಕ್ಕೆ ಬದಲಿಸಬೇಕು. ಆದರೆ ಆ ಮಾತನ್ನು ಆಡಳಿತದ ಮುಂದೆ ಇಡಲು ನಿಮ್ಮ ನಕ್ಷೆ ಗಟ್ಟಿ ಆಧಾರವಾಗುತ್ತದೆ.

ಪಿಡಬ್ಲ್ಯುಡಿ ಅಥವಾ ಎಂಜಿನಿಯರಿಂಗ್ ವಿಭಾಗದಿಂದ ಹಳೆಯ ನೀಲನಕ್ಷೆ ಸಿಗುತ್ತದೆ, ತೆಗೆದುಕೊಳ್ಳಿ. ಅದನ್ನೇ ನಂಬಿ ಕೂರಬೇಡಿ. ಕಟ್ಟಿದ ಮೇಲೆ ಹಾಲ್ ನಡುವೆ ಪಾರ್ಟಿಷನ್ ಬಂದಿರುತ್ತದೆ, ಹಿಂದಿನ ಗ್ರಿಲ್ ಬಾಗಿಲಿಗೆ ವರ್ಷಗಳಿಂದ ಬೀಗ ಬಿದ್ದಿರುತ್ತದೆ. ಲೇಸರ್ ಅಳತೆ ಯಂತ್ರ ಹಿಡಿದು ಇಬ್ಬರು ವಿದ್ಯಾರ್ಥಿಗಳು ನಡೆದು ನೋಡಲಿ. ದಾಖಲಿಸಲು, ಜನರೇ ಸೇರಿ ಮಾಡುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ನಕ್ಷೆಯ ಒಳಾಂಗಣ ಟ್ಯಾಗುಗಳಿವೆ. ನಕ್ಷೆ ದತ್ತಾಂಶದ ಮಾನದಂಡ ರೂಪಿಸುವ ಓಜಿಸಿ ಸಂಸ್ಥೆ 2021ರಲ್ಲಿ ಒಪ್ಪಿದ ಐಎಂಡಿಎಫ್ ಎಂಬ ಒಳಾಂಗಣ ನಕ್ಷೆಯ ಮಾದರಿಯೂ ಇದೆ. ಯಾವುದಾದರೂ ಸರಿ, ತೆರೆದ ಮಾದರಿ ಇರಲಿ. ನಾಳೆ ಕಂಪನಿಯನ್ನು ಕರೆಸಿದರೂ 'ನಕ್ಷೆಯ ದತ್ತಾಂಶ ವಿಶ್ವವಿದ್ಯಾಲಯದ್ದು, ಒಪ್ಪಂದ ಮುಗಿದ ದಿನ ಪೂರ್ತಿ ಕೊಡಬೇಕು' ಎಂದು ಬರೆಸಿಕೊಳ್ಳಿ. ಇದನ್ನು ಬರೆಸದೆ ಬಿಟ್ಟವರು ಮುಂದೆ ಅದೇ ಕಂಪನಿಗೆ ಕಟ್ಟಿಬೀಳುತ್ತಾರೆ.

ಕೋಣೆಗಳ ಹೆಸರನ್ನು ಹೇಗೆ ಹಾಕಬೇಕೆಂದು ತಿಳಿಯಲು ಒಂದು ಕೆಲಸ ಮಾಡಿ. ಗೇಟಿನಲ್ಲಿರುವ ಸೆಕ್ಯುರಿಟಿಯವರ ಪಕ್ಕ ಒಂದು ಬೆಳಗ್ಗೆ ಕೂತು, ಬಂದವರು ಏನು ಕೇಳುತ್ತಾರೋ ಅದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ. 'ಕುಲಸಚಿವರು, ಮೌಲ್ಯಮಾಪನ ವಿಭಾಗ ಎಲ್ಲಿ?' ಎಂದು ಯಾರೂ ಕೇಳುವುದಿಲ್ಲ. 'ಮಾರ್ಕ್ಸ್ ಕಾರ್ಡ್ ಕೊಡೋದು ಎಲ್ಲಿ ಸರ್?', 'ಫೀಸ್ ಎಲ್ಲಿ ಕಟ್ಬೇಕು?', 'ಟಿಸಿ ಎಲ್ಲಿ ಕೊಡ್ತಾರೆ?' ಎನ್ನುತ್ತಾರೆ. ಹುಡುಕುವ ಪೆಟ್ಟಿಗೆಯಲ್ಲಿ ಈ ಮಾತುಗಳೇ ಕೆಲಸ ಮಾಡಬೇಕು. ಗ್ರಂಥಾಲಯ, ಲೈಬ್ರರಿ ಎರಡೂ ಸಿಗಬೇಕು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿದರೂ, ಸ್ಪೆಲಿಂಗ್ ಅಷ್ಟಿಷ್ಟು ತಪ್ಪಿದರೂ ಸಿಗಬೇಕು. ಒಂದು ಕೋಣೆಗೆ ಹತ್ತು ಹೆಸರಿದ್ದರೆ ಹತ್ತನ್ನೂ ಹಾಕಿ. ಇದು ಬೇಸರದ ಕೆಲಸ, ಆದರೆ ಜನ ಈ ವ್ಯವಸ್ಥೆಯನ್ನು ಬಳಸುತ್ತಾರೋ ಬಿಡುತ್ತಾರೋ ಎಂಬುದು ಇದರ ಮೇಲೇ ನಿಂತಿದೆ.

ಈಗ 'ಎಲ್ಲಿದ್ದೇನೆ' ಎಂಬ ಪ್ರಶ್ನೆಗೆ ಬರೋಣ. ಮೊದಲ ಹಂತದಲ್ಲಿ ನಿಮ್ಮ ವಿದ್ಯಾರ್ಥಿಗಳು ಹೇಳಿದ್ದೇ ಸರಿ. ಪ್ರತಿ ಬಾಗಿಲು, ಪ್ರತಿ ಮಹಡಿಯ ಮೆಟ್ಟಿಲ ತುದಿ, ಕಾರಿಡಾರ್ ಕವಲೊಡೆಯುವ ಜಾಗ ಇಲ್ಲೆಲ್ಲ ಒಂದೊಂದು ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಆಪ್ ಅಲ್ಲ, ಒಂದು ಹಗುರವಾದ ವೆಬ್ ಪುಟ ತೆರೆಯಬೇಕು. ಸಿಗ್ನಲ್ ಕ್ಷೀಣವಾಗಿರುವ ಕಡೆಗಳಿಗಾಗಿ, ಗೇಟಿನಲ್ಲಿ ಮೊದಲ ಸಲ ತೆರೆದಾಗಲೇ ಇಡೀ ನಕ್ಷೆ ಫೋನಿಗೆ ಇಳಿದುಬಿಡಲಿ.

ಇದರಲ್ಲಿ ಮೊದಲ ನೋಟಕ್ಕೆ ಕಾಣದ ಒಂದು ಲಾಭವಿದೆ. ಗೋಡೆಯ ಮೇಲಿನ ಕೋಡನ್ನು ಸ್ಕ್ಯಾನ್ ಮಾಡುವವರು ಆ ಗೋಡೆಗೇ ಮುಖ ಮಾಡಿ ನಿಂತಿರುತ್ತಾರೆ. ಆ ಗೋಡೆ ಯಾವ ದಿಕ್ಕಿಗಿದೆ ಎಂದು ನಿಮ್ಮ ನಕ್ಷೆಗೆ ಗೊತ್ತು. ಹಾಗಾಗಿ ದಿಕ್ಸೂಚಿಯ ಸಹವಾಸವಿಲ್ಲದೆ 'ನಿಮ್ಮ ಬಲಗಡೆಗೆ ನಡೆಯಿರಿ, ನೀರಿನ ಫಿಲ್ಟರ್ ದಾಟಿದ ಮೇಲೆ ಎಡಗಡೆಯ ಮೆಟ್ಟಿಲು ಇಳಿಯಿರಿ' ಎಂದು ಖಚಿತವಾಗಿ ಹೇಳಬಹುದು. ಬೀಕನ್‌ಗೆ ಇದು ಆಗುವುದಿಲ್ಲ. ನೀವು ಯಾವ ಕಡೆ ತಿರುಗಿದ್ದೀರಿ ಎಂದು ಅದಕ್ಕೆ ತಿಳಿಯದು. ದಾರಿ ಹೇಳುವಾಗ '12 ಮೀಟರ್ ಮುಂದೆ' ಎನ್ನಬೇಡಿ, ಯಾರೂ ಮೀಟರ್ ಅಳೆದು ನಡೆಯುವುದಿಲ್ಲ. ನೋಟಿಸ್ ಬೋರ್ಡ್, ಫಿಲ್ಟರ್, ಜೆರಾಕ್ಸ್ ಅಂಗಡಿ, ಕಣ್ಣಿಗೆ ಬೀಳುವಂಥದ್ದನ್ನು ಹೇಳಿ.

ಕ್ಯೂಆರ್‌ನ ತೊಂದರೆಗಳನ್ನೂ ಹೇಳಬೇಕು. ನಡೆಯುತ್ತಿರುವಾಗ ಜೊತೆಗೆ ಸರಿಯುವ ನೀಲಿ ಚುಕ್ಕೆ ಇರುವುದಿಲ್ಲ. ತಿರುವು ತಪ್ಪಿದರೆ ಮುಂದಿನ ಕೋಡ್ ಸಿಗುವವರೆಗೆ ಗೊತ್ತಾಗುವುದಿಲ್ಲ. ಕೋಡಿನ ಮೇಲೆ ಯಾರಾದರೂ ಮೋಸದ ಸ್ಟಿಕರ್ ಅಂಟಿಸಬಹುದು. ಹಾಗಾಗಿ ವಿಶ್ವವಿದ್ಯಾಲಯದ ವೆಬ್ ವಿಳಾಸವನ್ನು ಕೋಡಿನ ಕೆಳಗೆ ಕಾಣುವಂತೆ ಮುದ್ರಿಸಿ. ಈ ಪುಟದಲ್ಲಿ ಎಂದಿಗೂ ಫೀಸ್ ಕಟ್ಟಿಸಿಕೊಳ್ಳುವುದಿಲ್ಲ ಎಂದೂ ಬರೆಯಿರಿ. ಸ್ಕ್ಯಾನ್ ಮಾಡಲು ಬಾರದವರಿಗಾಗಿ ಕೋಡ್ ಇರುವ ಪ್ರತಿ ಬೋರ್ಡಿಗೂ ದೊಡ್ಡ ಅಂಕಿಯ ನಂಬರ್ ಇರಲಿ. ದಾರಿ ತಪ್ಪಿದವರು ಸೆಕ್ಯುರಿಟಿಗೆ ಫೋನ್ ಮಾಡಿ 'ನಾನು 47ನೇ ಬೋರ್ಡ್ ಹತ್ತಿರ ಇದ್ದೀನಿ' ಎಂದರೆ ಸಾಕು. ಫೋನೇ ಇಲ್ಲದವರಿಗಾಗಿ ಅದೇ ಬೋರ್ಡಿನಲ್ಲಿ ಬಾಣದ ಗುರುತು, ಕನ್ನಡದಲ್ಲಿ ನಾಲ್ಕು ಮುಖ್ಯ ಜಾಗಗಳ ಹೆಸರು.

ಬೋರ್ಡ್ ಯಾವುದರದ್ದು ಎಂಬುದು ಸಣ್ಣ ವಿಷಯ ಅನ್ನಿಸಬಹುದು, ಆದರೆ ನಮ್ಮ ಹವೆಯಲ್ಲಿ ಅಲ್ಲ. ಲ್ಯಾಮಿನೇಷನ್ ಮಾಡಿದ ಕಾಗದದ ಅಂಚಿನಿಂದ ನೀರು ಹೊಕ್ಕು ಒಳಗೆ ಬೂಷ್ಟು ಹಿಡಿಯುತ್ತದೆ. ಒಂದು ಮಳೆಗಾಲಕ್ಕೆ ಕೋಡ್ ಓದಲು ಬಾರದಂತಾಗುತ್ತದೆ. ತೇವದ ಗೋಡೆಗೆ ಡಬಲ್ ಟೇಪ್ ಅಂಟಿಸಿದರೆ ಸುಣ್ಣದ ಪದರದ ಸಮೇತ ಕಿತ್ತುಕೊಂಡು ಬರುತ್ತದೆ. ಅಲ್ಯೂಮಿನಿಯಂ ತಗಡಿನ ಮೇಲೆ ಮುದ್ರಿಸಿ ಸ್ಕ್ರೂ ಹಾಕಿಸಿ. ಒಂದು ಮೀಟರ್ ದೂರದಿಂದ ಓದಲು ಕೋಡ್ 10 ಸೆಂ.ಮೀ. ಇರಲಿ. ಕೋಡ್ ತಯಾರಿಸುವಾಗ ತಪ್ಪು ತಿದ್ದುವ ಮಟ್ಟವನ್ನು ಅತಿ ಹೆಚ್ಚಿಗೆ ಇಡಿ. ಆಗ ಸುಮಾರು 30 ಪ್ರತಿಶತ ಹಾಳಾದರೂ ಓದುತ್ತದೆ. ಎತ್ತರ ನೆಲದಿಂದ 1.2 ಮೀಟರ್ ಆಸುಪಾಸಿನಲ್ಲಿದ್ದರೆ ಗಾಲಿಕುರ್ಚಿಯಲ್ಲಿ ಕೂತವರಿಗೂ ಎಟುಕುತ್ತದೆ. ಕೋಡಿನೊಳಗೆ ಕೋಣೆಯ ಹೆಸರು ಬರೆಯಬೇಡಿ, ಬೋರ್ಡಿನ ನಂಬರ್ ಮಾತ್ರ ಇರಲಿ. ವಿಭಾಗ ಬೇರೆ ಕಡೆ ಹೋದರೂ ಬೋರ್ಡ್ ಬದಲಿಸಬೇಕಾಗಿಲ್ಲ.

ಬೀಕನ್ ಪೂರ್ತಿ ಬೇಡವೇ ಎಂದರೆ, ಹಾಗಲ್ಲ. ಒಂದು ವರ್ಷ ಕ್ಯೂಆರ್ ನಡೆಸಿ. ಯಾವ ಬೋರ್ಡನ್ನು ಎಷ್ಟು ಸಲ ಸ್ಕ್ಯಾನ್ ಮಾಡಿದರು ಎಂಬ ಲೆಕ್ಕ, ಯಾರು ಎಂಬುದಲ್ಲ, ನಿಮ್ಮ ಬಳಿ ಇರುತ್ತದೆ. ಒಂದೇ ಬೋರ್ಡನ್ನು ಜನ ಮತ್ತೆ ಮತ್ತೆ ಸ್ಕ್ಯಾನ್ ಮಾಡುತ್ತಿದ್ದಾರೆ ಎಂದರೆ ಅಲ್ಲಿ ಸುತ್ತಿ ಸುತ್ತಿ ಬರುತ್ತಿದ್ದಾರೆ ಎಂದರ್ಥ. ಅಂಥ ಒಂದೆರಡು ಕಟ್ಟಡಕ್ಕೆ ಮಾತ್ರ ಬೀಕನ್ ಹಾಕಿ. ದೃಷ್ಟಿದೋಷವಿರುವವರಿಗೆ ಧ್ವನಿಯಲ್ಲಿ ದಾರಿ ಹೇಳಲು ಬೀಕನ್ ನಿಜಕ್ಕೂ ಉಪಯೋಗ, ಏಕೆಂದರೆ ಗೋಡೆಯ ಕೋಡನ್ನು ಹುಡುಕುವುದು ಅವರಿಗೆ ಕಷ್ಟ. ಆದರೆ ಐದು ಮೀಟರ್ ತಪ್ಪಿನಲ್ಲಿ ಬಾಗಿಲು ಸಿಗದು. ನೆಲದಲ್ಲಿ ಉಬ್ಬುಗೆರೆಯ ಟೈಲ್ಸ್, ಮೆಟ್ಟಿಲ ಪಕ್ಕದ ಕೈಹಿಡಿ ಕಂಬಿಯಲ್ಲಿ ಬ್ರೈಲ್ ಕೂಡ ಬೇಕೇ ಬೇಕು.

ಕಂಪನಿಗೆ ಏನು ಉತ್ತರಿಸಬೇಕು? 'ಜುಲೈ ತಿಂಗಳಲ್ಲಿ, ಕ್ಲಾಸ್ ಬಿಡುವ ಹೊತ್ತಿಗೆ, ನಾವು ಕೊಡುವ ಕಡಿಮೆ ಬೆಲೆಯ ಮೂರು ಬಗೆಯ ಫೋನುಗಳಲ್ಲಿ, ಹಳೆಯ ಕಟ್ಟಡದಲ್ಲೇ ತೋರಿಸಿ' ಎನ್ನಿ. ಸರಾಸರಿ ನಿಖರತೆ ಕೇಳಬೇಡಿ. ಹತ್ತರಲ್ಲಿ ಒಂಬತ್ತು ಸಲ ಎಷ್ಟು ಮೀಟರ್ ಒಳಗೆ ಬಂತು, ನೂರರಲ್ಲಿ ಎಷ್ಟು ಸಲ ಮಹಡಿ ಸರಿ ಹೇಳಿತು ಎಂಬ ಎರಡನ್ನು ಕೇಳಿ. ಬ್ಯಾಟರಿ ಬದಲಿಸುವ ಹೊಣೆ ಐದು ವರ್ಷಕ್ಕೆ ಯಾರದ್ದು ಎಂದು ಲಿಖಿತವಾಗಿ ಕೊಡಲಿ.

ಹಾಜರಿಯ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟ: ಬೇಡ. ತಾಂತ್ರಿಕವಾಗಿಯೂ ಅದು ನಿಲ್ಲುವುದಿಲ್ಲ. 3ರಿಂದ 5 ಮೀಟರ್ ತಪ್ಪು ಇರುವಾಗ ವಿದ್ಯಾರ್ಥಿ ತರಗತಿಯ ಒಳಗಿದ್ದನೋ ಹೊರಗಿನ ಕಾರಿಡಾರಿನಲ್ಲಿದ್ದನೋ ಹೇಳಲಾಗದು. ಅದಕ್ಕಿಂತ ಮುಖ್ಯವಾಗಿ, ದಾರಿ ತೋರಿಸುತ್ತೇವೆ ಎಂದು ಪಡೆದ ಮಾಹಿತಿಯನ್ನು ನಿಗಾ ಇಡಲು ಬಳಸುವುದು ನಂಬಿಕೆಗೆ ದ್ರೋಹ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿದೆ. ಯಾವ ಉದ್ದೇಶಕ್ಕೆ ಒಪ್ಪಿಗೆ ಪಡೆದಿದ್ದೀರೋ ಆ ಉದ್ದೇಶಕ್ಕೆ ಮಾತ್ರ ಬಳಸಬೇಕು ಎಂಬುದು ಅದರ ತಿರುಳು. ಹುಡುಗಿಯರು ಎಷ್ಟು ಹೊತ್ತಿಗೆ ಎಲ್ಲಿದ್ದರು ಎಂಬ ದಾಖಲೆ ಒಂದು ಸರ್ವರಿನಲ್ಲಿ ಕೂತಿದೆ ಎಂದರೆ ಅದು ಯಾರ ಕೈಗೆ ಸಿಗಬಹುದು ಯೋಚಿಸಿ. ಲೆಕ್ಕವೆಲ್ಲ ಫೋನಿನೊಳಗೇ ನಡೆಯಲಿ, ಹೆಸರು, ಮೊಬೈಲ್ ನಂಬರ್ ಕೇಳಲೇಬೇಡಿ. ಸಂಗ್ರಹಿಸದ ಮಾಹಿತಿಯನ್ನು ಯಾರೂ ಕದಿಯಲಾರರು ಎಂದು ಆಡಳಿತಕ್ಕೆ ಬರೆದು ಕೊಡಿ.

ಕೊನೆಯದಾಗಿ, ಸಮಯ. ಮುಂದಿನ ಪ್ರವೇಶದ ಹೊತ್ತಿಗೆ ಆಗುತ್ತದೆ, ಆದರೆ ಮೊದಲ ಹಂತ ಮಾತ್ರ. ಡಿಸೆಂಬರ್, ಜನವರಿಯಲ್ಲಿ ಅಳತೆ, ನಕ್ಷೆ, ಹೆಸರುಗಳು. ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಮಾಡಿಸಬಹುದು. ಆದರೆ ಪ್ರೋಗ್ರಾಂನ ಕೋಡ್, ಸರ್ವರ್ ಪಾಸ್‌ವರ್ಡ್ ಎಲ್ಲವೂ ಕಂಪ್ಯೂಟರ್ ಕೇಂದ್ರದ ಹೆಸರಿನಲ್ಲಿರಲಿ. ಇಲ್ಲದಿದ್ದರೆ ಆ ಬ್ಯಾಚ್ ಹೊರಟ ದಿನ ವ್ಯವಸ್ಥೆಯೂ ಹೊರಡುತ್ತದೆ. ಕೋಣೆ ಬದಲಾದಾಗ ನಕ್ಷೆ ತಿದ್ದುವ ಕೆಲಸ ಒಬ್ಬ ಕಾಯಂ ಸಿಬ್ಬಂದಿಗೆ ಆದೇಶದ ಮೂಲಕವೇ ಬರಲಿ. ಪರೀಕ್ಷೆಯ ಹಾಲ್ ಪಟ್ಟಿ ಹೊರಡಿಸುವವರು ಪ್ರತಿ ಹಾಲಿನ ಪಕ್ಕ ಅದರ ದಾರಿಯ ಲಿಂಕ್ ಹಾಕುವಂತೆ ಮಾಡಿ. ಫೆಬ್ರವರಿ, ಮಾರ್ಚ್‌ನಲ್ಲಿ ಗೋಡೆ ಒಣಗಿರುತ್ತದೆ, ಬೋರ್ಡುಗಳಿಗೆ ಆಗ ಸ್ಕ್ರೂ ಹಾಕಿಸಿ. ಏಪ್ರಿಲ್‌ನಲ್ಲಿ ಪರೀಕ್ಷಿಸುವಾಗ ನಿಮ್ಮ ವಿಭಾಗದ ಮಕ್ಕಳನ್ನು ಕರೆಯಬೇಡಿ, ಅವರಿಗೆ ದಾರಿ ಗೊತ್ತು. ಕ್ಯಾಂಪಸ್ ನೋಡಿಯೇ ಇರದ ಹತ್ತು ಜನರನ್ನು, ಅವರಲ್ಲಿ ಅರ್ಧ ಮಂದಿ ಐವತ್ತು ದಾಟಿದವರನ್ನು ಕರೆಸಿ, ಗೇಟಿನಲ್ಲಿ ನಿಲ್ಲಿಸಿ, 'ಫೀಸ್ ಕಟ್ಟುವ ಜಾಗಕ್ಕೆ ಹೋಗಿ' ಎನ್ನಿ. ಹಿಂದೆಯೇ ನಡೆಯಿರಿ, ಬಾಯಿ ಬಿಡಬೇಡಿ. ಅವರು ಎಲ್ಲೆಲ್ಲಿ ನಿಂತು ಅತ್ತಿತ್ತ ನೋಡುತ್ತಾರೋ ಅಲ್ಲೆಲ್ಲ ಇನ್ನೊಂದು ಬೋರ್ಡ್ ಬೇಕು. ಅದಕ್ಕಾಗಿ ಇಪ್ಪತ್ತು ಬೋರ್ಡುಗಳನ್ನು ಮೊದಲೇ ಜಾಸ್ತಿ ಮಾಡಿಸಿ ಇಟ್ಟುಕೊಳ್ಳಿ.